ಸಾಹೇಬರು ಹೋದರು, ಸಭೆ ಉಳೀತು
(ನಮ್ಮ ಸೀಮೆಯ ಹಳೇ ಚರ್ಚುಗಳ ಕುರಿತು)

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ, ನಮಗಿಂತ ಹಿರಿಯ ಸಂಸ್ಥೆಗಳನ್ನು ನೆನೆಯುವುದು ನಮ್ಮ ಕರ್ತವ್ಯ. ಗುಡಿ, ಮಠ, ದರ್ಗಾಗಳ ಬಗ್ಗೆ ಬರೆದವರು ಬಹಳ ಜನ. ಹುಬ್ಬಳ್ಳಿ-ಧಾರವಾಡ ಸುತ್ತಿನ ಚರ್ಚುಗಳ ಬಗ್ಗೆ ಬರೆದವರು ಕಡಿಮೆ. ನಾವು ಸಣ್ಣವರಿದ್ದಾಗ ಚರ್ಚು ಅಂದ್ರ ‘ಇಂಗ್ಲಿಷರ ಗುಡಿ’ ಅಂತ ತಿಳಕೊಂಡಿದ್ವಿ. ಅದು ಪೂರಾ ಖರೇ ಅಲ್ಲ.

1818ರಲ್ಲಿ ಧಾರವಾಡ ಸೀಮೆ ಕಂಪನಿ ಸರಕಾರದ ಕೈಗೆ ಬಂತು. ಅಧಿಕಾರಿಗಳು ಹಾಗೂ ದಂಡಿನವರು ತಮ್ಮ ಪ್ರಾರ್ಥನೆಗೆ ಕಟ್ಟಿಸಿಕೊಂಡದ್ದು ಆಂಗ್ಲಿಕನ್ ಪದ್ಧತಿಯ ಚರ್ಚು. ಬೆಳಗಾವಿ ದಂಡಿನ ಸೇಂಟ್ ಮೇರಿ ಚರ್ಚು (1869) ನೋಡಿದವರಿಗೆ ಇದು ಗೊತ್ತು: ಕಲ್ಲಿನ ಗೋಡೆ, ಚೂಪು ಕಮಾನು, ಬಣ್ಣದ ಗಾಜು. ಈ ಪದ್ಧತಿಯಲ್ಲಿ ಪೂರ್ವದಿಕ್ಕಿನ ಪವಿತ್ರ ಮೇಜಿಗೇ ಮುಖ್ಯ ಸ್ಥಾನ. ದೀಕ್ಷಾಸ್ನಾನದ ಕಲ್ಲುಬಟ್ಟಲು ಸಾಮಾನ್ಯವಾಗಿ ಬಾಗಿಲ ಹತ್ತಿರ.

ನಮ್ಮ ಜನರ ಸಭೆಗಳು ಹುಟ್ಟಿದ್ದು ಬೇರೆ ದಾರಿಯಿಂದ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿಗೆ ಬಂದರು. ಇವರು ಇಂಗ್ಲಿಷರಲ್ಲ, ಜರ್ಮನಿ ಮತ್ತು ಸ್ವಿಟ್ಜರ್‌ಲೆಂಡಿನವರು. ಧಾರವಾಡದ ಹೆಬಿಕ್ ಸ್ಮಾರಕ ಚರ್ಚಿಗೆ ಅವರಲ್ಲಿ ಮೊದಲಿಗರಾದ ಸಾಮುವೆಲ್ ಹೆಬಿಕ್ ಅವರ ಹೆಸರಿದೆ. 1894ರಲ್ಲಿ ದೊಡ್ಡ ಕನ್ನಡ ನಿಘಂಟು ಹೊರತಂದ ಕಿಟೆಲ್ ಸಾಹೇಬರೂ ಈ ಮಿಶನ್ನಿನವರೇ. ಇವರ ಪದ್ಧತಿಯಲ್ಲಿ ಆಡಂಬರ ಕಡಿಮೆ; ಪ್ರಸಂಗ ಎಲ್ಲರ ಕಿವಿಗೂ ಬೀಳಬೇಕು, ಅದೂ ಕನ್ನಡದಲ್ಲಿ. ಅದಕ್ಕೇ ಒಂದೇ ದೊಡ್ಡ ಪಡಸಾಲೆ, ಎತ್ತರದ ಕಿಟಕಿ, ದಪ್ಪ ಗೋಡೆ, ಸುಣ್ಣದ ಗಾರೆ. 1865ರಲ್ಲಿ ಮಂಗಳೂರಿನಲ್ಲಿ ಇವರದೇ ಹಂಚಿನ ಕಾರ್ಖಾನೆ ಶುರುವಾಯಿತು. ಚರ್ಚಿಗೆ ಹೊದೆಸಿದ ಆ ಹಂಚು ಮುಂದೆ ಶಾಲೆ, ಸ್ಟೇಶನ್ನು, ನಮ್ಮ ನಿಮ್ಮ ಮನಿಗೂ ಬಂತು!

ಸಹಕಾರಿಗಳು ನೆನಪಿಡಬೇಕಾದ ಸಂಗತಿಯೊಂದಿದೆ. 1840ರ ದಶಕದಲ್ಲಿ ಮಿಶನ್ನಿನವರು ಗದಗಿನ ಹತ್ತಿರ ಮಲ್ಲಸಮುದ್ರದಲ್ಲಿ ಒಂದು ಒಕ್ಕಲುತನದ ವಸಾಹತು ಮಾಡಿದರು. ಯೋಜನೆ ಹೊರಗಿನವರದು, ಹಣವೂ ಅವರದೇ. ಅದು ಬಹಳ ದಿನ ಬಾಳಲಿಲ್ಲ. ಅದೇ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಊರವರನ್ನೇ ಕೂಡಿಸಿ ಕಟ್ಟಿದ ಸಂಘ ದೇಶದ ಸಹಕಾರ ಚಳವಳಿಗೇ ದಾರಿ ತೋರಿತು. ಸಭೆಗಳ ಕಥೆಯೂ ಹಂಗ. 1914ರಲ್ಲಿ ಮಹಾಯುದ್ಧ ಶುರುವಾದ ಮೇಲೆ ಸರಕಾರ ಜರ್ಮನ್ ಪಾದ್ರಿಗಳನ್ನು ಹಿಡಿದಿಟ್ಟು, ನಂತರ ದೇಶದಿಂದ ಹೊರಗೆ ಕಳಿಸಿತು. ಸಾಹೇಬರು ಹೋದರು, ಸಭೆ ಉಳೀತು. ಯಾಕಂದ್ರ ದೀಪ ಹಚ್ಚುವವರು, ಗಂಟೆ ಹೊಡೆಯುವವರು, ಕಾಣಿಕೆ ಕೊಡುವವರು ಇಲ್ಲಿಯವರೇ ಇದ್ದರು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾಯಿತು. ಬಾಸೆಲ್ ಮಿಶನ್ನಿನ ಈ ಕಡೆಯ ಸಭೆಗಳೂ ಮುಂದೆ ಅದರಲ್ಲಿ ಸೇರಿದವು. 1970ರಲ್ಲಿ ಧಾರವಾಡ ಕೇಂದ್ರವಾಗಿ ಕರ್ನಾಟಕ ಉತ್ತರ ಸಭಾಪ್ರಾಂತ ರಚನೆಯಾಯಿತು.

ಈಗ ಹಳೇ ಕಟ್ಟಡಗಳಿಗೆ ಆಪತ್ತು ಬಂದದ್ದು ಪ್ರೀತಿಯಿಂದಲೇ. ‘ಸೋರತೈತಿ, ಕೆಡವಿ ಸ್ಲ್ಯಾಬ್ ಹಾಕಿಬಿಡೂಣು’ ಅಂತಾರ. ಆದರೆ ಬಹಳ ಕಡೆ ಒಡೆದ ಹಂಚು ಬದಲಿಸಿ, ಗೆದ್ದಲು ಹಿಡಿದ ತೊಲೆ ತೆಗೆದರೆ ಸಾಕು. ಸುಣ್ಣದ ಗೋಡೆಗೆ ಸಿಮೆಂಟ್ ಬಳಿಯಬಾರದು. ತೇವ ಒಳಗೇ ಉಳಿದು ಗೋಡೆ ಉದುರುತ್ತದೆ. ಎರೆ ಭೂಮಿಯಲ್ಲಿ ಬುನಾದಿ ಹತ್ತಿರ ನೀರು ನಿಲ್ಲಬಾರದು. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವಾಗ ಗೋಡೆಯೂ ಬಿರಿಯುತ್ತದೆ. ಈ ಮಾತು ಹಳೇ ಗುಡಿಗೂ ಅಷ್ಟೇ, ನಮ್ಮ ಹಳೇ ವಾಡೆಗೂ ಅಷ್ಟೇ.

ಕ್ರೈಸ್ತ ಬಾಂಧವರು ಕೂಡಿ ಪ್ರಾರ್ಥಿಸುವುದಕ್ಕೆ ‘ಸಭೆ’ ಅಂತಾರೆ. ನಾವು ವರ್ಷಕ್ಕೊಮ್ಮೆ ಕೂಡಿ ಲೆಕ್ಕ ಒಪ್ಪಿಸುವುದಕ್ಕೂ ‘ಸಭೆ’ ಅಂತೀವಿ. ಎರಡೂ ಕಡೆ ದಫ್ತರ ಜೋಪಾನ ಮಾಡಬೇಕು, ಮಾಳಿಗೆಯನ್ನೂ ಜೋಪಾನ ಮಾಡಬೇಕು. ಸದಸ್ಯರ ಮನೆಗಳಲ್ಲಿ ಹಳೇ ಚರ್ಚಿನ ಫೋಟೋ, ಕಾಗದಪತ್ರ ಇದ್ದರೆ ಹರಿದುಹೋಗುವ ಮೊದಲೇ ಹೊರತೆಗೆದು ಆಯಾ ಸಭಾಪಾಲಕರಿಗೆ ತೋರಿಸಬೇಕೆಂದು ನಮ್ಮ ವಿನಂತಿ.