ರಾತ್ರಿ ಪಾಳಿಯ ಎಚ್ಚರ

ಐಸಿಯು ಸಿಸ್ಟರ್ ಆಗಿ ಇಪ್ಪತ್ತೇಳು ವರ್ಷ ದುಡಿದೆ. ಅರ್ಧಕ್ಕಿಂತ ಹೆಚ್ಚು ನೈಟ್ ಡ್ಯೂಟಿಯಲ್ಲೇ ಕಳೆಯಿತು. ಜಿಲ್ಲಾ ಕೇಂದ್ರದ ಆಸ್ಪತ್ರೆ; ಆರು ಹಾಸಿಗೆ, ನಾವಿಬ್ಬರು ಸಿಸ್ಟರ್‌ಗಳು, ಕೆಳಗೆ ಕ್ಯಾಷುಯಾಲ್ಟಿಯಲ್ಲಿ ಒಬ್ಬರೇ ಡ್ಯೂಟಿ ಡಾಕ್ಟರು. ಒಂದು ಮಳೆಗಾಲದಲ್ಲಿ ನಾಗರಹಾವು ಕಚ್ಚಿದ ಹುಡುಗನನ್ನು ವೆಂಟಿಲೇಟರಿಗೆ ಹಾಕಿದ್ದೆವು. ರಾತ್ರಿ ಎರಡರ ಸುಮಾರಿಗೆ ಕರೆಂಟು ಹೋಯಿತು, ಯುಪಿಎಸ್ ಕೂಡ ಕೈಕೊಟ್ಟಿತು. ಜನರೇಟರ್ ಹತ್ತಿಕೊಳ್ಳುವವರೆಗೆ ಕತ್ತಲಲ್ಲಿ ಅಂಬು ಬ್ಯಾಗ್ ಒತ್ತುತ್ತಾ ನಿಂತೆ. ಅವನ ತಾಯಿ ಬಾಗಿಲಲ್ಲಿ ನಿಂತು, "ಸಿಸ್ಟರಮ್ಮಾ, ಉಸಿರಾಡ್ತಾ ಇದಾನಾ?" ಎಂದು ಕೇಳುತ್ತಲೇ ಇದ್ದಳು. ಅವನ ಉಸಿರು ಆಗ ನನ್ನ ಅಂಗೈಯಲ್ಲಿತ್ತು.

ನಮ್ಮ ಕೆಲಸ ಹುಟ್ಟಿದ್ದೂ ಹೀಗೆ ಚೀಲ ಒತ್ತಿದ ಕೈಗಳಿಂದಲೇ ಎಂದು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹರಡಿತು. ಅಲ್ಲಿನ ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ರೋಗಿಯನ್ನು ಒಳಗೆ ಮಲಗಿಸುವ ಕಬ್ಬಿಣದ ಶ್ವಾಸಯಂತ್ರ ಇದ್ದದ್ದು ಒಂದು; ಎದೆಗೆ ಕಟ್ಟುವ ಸಣ್ಣವು ಆರು. ಮೊದಲ ವಾರಗಳಲ್ಲಿ ಆ ಯಂತ್ರಗಳಿಗೆ ಹಾಕಿದ 31 ಜನರಲ್ಲಿ 27 ಜನ ತೀರಿಕೊಂಡರು. ಆಗಸ್ಟ್ 27ರಂದು ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್, 12 ವರ್ಷದ ಹುಡುಗಿಯೊಬ್ಬಳ ಗಂಟಲಿಗೆ ರಂಧ್ರ ಮಾಡಿಸಿ, ನಳಿಕೆ ಇಡಿಸಿ, ರಬ್ಬರ್ ಚೀಲ ಒತ್ತಿ ಉಸಿರು ಕೊಟ್ಟರು. ಅವಳು ಉಳಿದಳು. ಆಮೇಲೆ ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿ ಹಚ್ಚಿ ಹಗಲೂ ರಾತ್ರಿ ಚೀಲ ಒತ್ತಿದರು. ಒಂದೇ ಹೊತ್ತಿಗೆ 70 ರೋಗಿಗಳಿಗೆ ಹಾಗೆ ಉಸಿರು ಕೊಟ್ಟ ದಿನಗಳೂ ಇದ್ದವು. ಆ ಹುಡುಗ ಹುಡುಗಿಯರನ್ನು ನೆನೆದಾಗೆಲ್ಲ ನನ್ನ ಕಣ್ಣು ತುಂಬುತ್ತದೆ. ಆ ರಾತ್ರಿ ನನ್ನ ಮುಂಗೈ ಹೇಗೆ ನೊಂದಿತ್ತೆಂದು ನನಗೆ ಗೊತ್ತು. ಮರುವರ್ಷದ ಡಿಸೆಂಬರಿನಲ್ಲಿ ಇಬ್ಸೆನ್ ಅದೇ ಊರಿನ ಇನ್ನೊಂದು ಆಸ್ಪತ್ರೆಯಲ್ಲಿ ತೆರೆದ ಘಟಕವನ್ನೇ ಮೊದಲ ಐಸಿಯು ಎಂದು ಬಹಳ ಜನ ಎಣಿಸುತ್ತಾರೆ. ಅಂಬು ಬ್ಯಾಗ್ ಕೂಡ ಡೆನ್ಮಾರ್ಕಿನದೇ, 1956ರದು. ಒತ್ತಿ ಬಿಟ್ಟರೆ ತಾನಾಗಿ ಉಬ್ಬಿಕೊಳ್ಳುತ್ತದೆ, ಸಿಲಿಂಡರಿನ ಹಂಗಿಲ್ಲ.

ಯಂತ್ರಗಳು ಬಂದವು, ಕೈಗೆ ಬಿಡುವಾಯಿತು. ಆದರೆ ಆ ಯಂತ್ರದ ಅಂಕಿಗಳನ್ನು ನೋಡಿ, ಈಗ ಏನು ಮಾಡಬೇಕೆಂದು ಹೇಳಬಲ್ಲವರು ದೊಡ್ಡ ಊರುಗಳಲ್ಲೇ ಉಳಿದರು. ಬಿಪಿ ಇಳಿಯುತ್ತಿದೆ ಎಂದು ಬೆಳಗಿನ ಜಾವ ಮೂರಕ್ಕೆ ಫೋನ್ ಮಾಡಿದರೆ ನಿದ್ದೆಗಣ್ಣಿನ ದನಿ, "ಇನ್ನೊಂದು ಬಾಟಲ್ ಹಾಕಿ, ಬೆಳಿಗ್ಗೆ ನೋಡೋಣ" ಎನ್ನುತ್ತಿತ್ತು. ಕೆಲವರಿಗೆ ಆ ಬೆಳಿಗ್ಗೆ ಬರಲಿಲ್ಲ.

ಅಮೆರಿಕದಲ್ಲೂ ಇದೇ ಕೊರತೆ. ಅಲ್ಲಿನ ಕ್ಲೀವ್‌ಲ್ಯಾಂಡಿನಲ್ಲಿ ಬೆಟ್ಟಿ ಗ್ರಂಡಿ ಮತ್ತವರ ಸಂಗಡಿಗರು 1970ರ ದಶಕದಲ್ಲೇ ದೊಡ್ಡ ಆಸ್ಪತ್ರೆಯ ತಜ್ಞರನ್ನು ಸಣ್ಣ ಆಸ್ಪತ್ರೆಯ ಐಸಿಯುಗೆ ಟಿವಿ ಮೂಲಕ ಜೋಡಿಸಿ ನೋಡಿದ್ದರು. 1997ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಬ್ರಯಾನ್ ರೋಸೆನ್‌ಫೆಲ್ಡ್, ಮೈಕೆಲ್ ಬ್ರೆಸ್ಲೋ ಮತ್ತವರ ಜೊತೆಗಾರರು 16 ವಾರಗಳ ಕಾಲ ತಮ್ಮ ಮನೆಗಳಲ್ಲೇ ಕೂತು ಹತ್ತು ಹಾಸಿಗೆಯ ಐಸಿಯು ಒಂದನ್ನು ಕಾದರು. ಸಾವು ಇಳಿಯಿತು. 2000ದಲ್ಲಿ ವರ್ಜೀನಿಯಾದ ಸೆಂಟಾರಾ ಆಸ್ಪತ್ರೆಗಳಲ್ಲಿ ಆ ಏರ್ಪಾಡು ಕಾಯಂ ಆಯಿತು. ನಮ್ಮಲ್ಲೂ ಅದೇ ದಶಕದ ಆರಂಭದಲ್ಲಿ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ಆ ಸುದ್ದಿ ಓದಿದ ದಿನ ನಾವಿಬ್ಬರೂ, ನಮ್ಮ ಆಸ್ಪತ್ರೆಗೆ ಎಂದು ಬಂದೀತೋ ಎಂದು ಮಾತಾಡಿಕೊಂಡಿದ್ದೆವು.

ಕ್ಯಾಮೆರಾ ತೂಗುಹಾಕಿದರೆ ಸಾಕು, ಜೀವ ಉಳಿಯುತ್ತದೆ ಎಂದು ಹೇಳುವವರನ್ನು ಮಾತ್ರ ನಾನು ಒಪ್ಪುವುದಿಲ್ಲ. ಟೆಕ್ಸಾಸ್‌ನ ಆರು ಐಸಿಯುಗಳನ್ನು ಪರಿಶೀಲಿಸಿ 2009ರಲ್ಲಿ ಬಂದ ವರದಿಯಲ್ಲಿ, ದೂರದ ನಿಗಾವಣೆಯಿಂದ ಒಟ್ಟಾರೆ ಸಾವು ಕಡಿಮೆಯಾದದ್ದು ಕಾಣಲಿಲ್ಲ. ಅಲ್ಲಿ ಮೂರರಲ್ಲಿ ಎರಡು ಪಾಲು ರೋಗಿಗಳ ಡಾಕ್ಟರುಗಳು, "ಪ್ರಾಣಕ್ಕೆ ಬಂದಾಗ ಮಾತ್ರ ಕೈಹಾಕಿ" ಎಂದು ದೂರದ ತಜ್ಞರಿಗೆ ಗೆರೆ ಎಳೆದಿದ್ದರು. ಎರಡು ವರ್ಷ ಕಳೆದು ಮ್ಯಾಸಚೂಸೆಟ್ಸ್‌ನಿಂದ ಬಂದ ವರದಿ ಬೇರೆ. ಏಳು ಐಸಿಯುಗಳ 6290 ರೋಗಿಗಳನ್ನು ನೋಡಿದಾಗ ಆಸ್ಪತ್ರೆಯಲ್ಲಿನ ಸಾವು ಶೇ. 13.6ರಿಂದ 11.8ಕ್ಕೆ ಇಳಿದಿತ್ತು. ಅಲ್ಲಿ ದೂರದವರು ಅಲಾರಾಂ ಬಡಿದೊಡನೆ ವಿಚಾರಿಸುತ್ತಿದ್ದರು, ಆಗಬೇಕಾದ ಚಿಕಿತ್ಸೆ ಆಯಿತೋ ಇಲ್ಲವೋ ಎಂದು ದಿನವೂ ನೋಡುತ್ತಿದ್ದರು. ಎರಡೂ ಕಡೆ ಪರದೆ ಇತ್ತು. ಪರದೆಯಲ್ಲಿ ಕಂಡವರ ಮಾತಿಗೆ ಬೆಲೆ ಕೊಡದಿದ್ದರೆ ಅದು ಗೋಡೆಗೆ ತೂಗುಹಾಕಿದ ಟಿವಿಯಷ್ಟೇ. ಈ ವಿಷಯದಲ್ಲಿ ಡಾಕ್ಟರುಗಳ ಜೊತೆ ನಾನು ಜಗಳವನ್ನೇ ಆಡಿದ್ದೇನೆ.

2020ರಲ್ಲಿ ಕೋವಿಡ್ ಬಂದಾಗ ಬೆಂಗಳೂರಿನ ತಜ್ಞರು ನಮ್ಮ ರಾಜ್ಯದ ಜಿಲ್ಲಾಸ್ಪತ್ರೆಗಳ ಐಸಿಯುಗಳಿಗೆ ವಿಡಿಯೊದಲ್ಲೇ ರೌಂಡ್ಸ್ ಮಾಡಿದರು. ನಾನು ಅಷ್ಟರಲ್ಲಿ ನಿವೃತ್ತಳಾಗಿದ್ದೆ. ಈಗ ಬೆಂಗಳೂರಿನ ಒಂದು ಟೆಲಿ ಐಸಿಯು ಕೇಂದ್ರದಲ್ಲಿ ವಾರಕ್ಕೆ ನಾಲ್ಕು ರಾತ್ರಿ ಕೂರುತ್ತೇನೆ. ಪಕ್ಕದ ಕುರ್ಚಿಯಲ್ಲಿ ಐಸಿಯು ತಜ್ಞರು, ಎದುರಿಗೆ ಯಾವ್ಯಾವುದೋ ತಾಲ್ಲೂಕಿನ ಹಾಸಿಗೆಗಳು. ನಾಡಿ, ಬಿಪಿ, ಆಕ್ಸಿಜನ್ ಎಲ್ಲವೂ ಅಂಕಿಯಾಗಿ ಕಾಣುತ್ತವೆ.

ಮೊನ್ನೆ ಒಂದು ರಾತ್ರಿ ಅಜ್ಜಿಯೊಬ್ಬರ ಅಂಕಿಗಳು ಸರಿಯಾಗಿಯೇ ಇದ್ದವು, ಆದರೂ ಮುಖ ನೋಡಿ ನನಗೆ ಸಮಾಧಾನವಾಗಲಿಲ್ಲ. ಅಲ್ಲಿದ್ದ ಸಿಸ್ಟರಿಗೆ ಇಪ್ಪತ್ಮೂರು ಇಪ್ಪತ್ನಾಲ್ಕು ವಯಸ್ಸಿರಬೇಕು. ಮೈಕ್ ಒತ್ತಿ ಕೇಳಿದೆ: "ಅಜ್ಜಿ ಪಾದ ಮುಟ್ಟಿ ನೋಡವ್ವ. ಬೆಚ್ಚಗಿದೆಯಾ?"

ಅವಳು ಹೊದಿಕೆ ಸರಿಸಿ ಎರಡೂ ಪಾದಕ್ಕೆ ಕೈಯಿಟ್ಟಳು. "ಇಲ್ಲ ಮೇಡಂ, ತಣ್ಣಗಿದೆ. ಮೊಣಕಾಲಿನ ತನಕ ತಣ್ಣಗಿದೆ."

ನಾನು ಪಕ್ಕದ ಕುರ್ಚಿಯ ಡಾಕ್ಟರನ್ನು ಕರೆದೆ.