ಮಧುತ್ಯಾಗವೂ ಮಧುಪರೀಕ್ಷೆಯೂ

ಶ್ರಾವಕನ ಎಂಟು ಮೂಲಗುಣಗಳನ್ನು ಹೇಳುವಾಗ ಸಮಂತಭದ್ರಾಚಾರ್ಯರು ಪಂಚಾಣುವ್ರತಗಳೊಡನೆ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ವಿಧಿಸಿದರು. ಅಮೃತಚಂದ್ರಾಚಾರ್ಯರು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ, ಗೂಡಿನಿಂದ ತಾನಾಗಿ ಸುರಿದ ಜೇನಿನಲ್ಲಿಯೂ ಅದನ್ನು ಆಶ್ರಯಿಸಿದ ಜೀವಿಗಳ ಘಾತವಿದೆಯೆಂದು ತಿಳಿಸಿದರು. ಹಾಗಿರುವಾಗ ಜೇನಿನ ಪರೀಕ್ಷೆಯು ವ್ರತಧಾರಿಗೆ ಸಂಬಂಧಪಡದ ವಿಷಯವೆಂದು ತೋರಬಹುದು. ಇತಿಹಾಸವನ್ನು ಗಮನಿಸಿದರೆ ಹಾಗೆನ್ನಲಾಗದು.

1432ರಲ್ಲಿ ಕಾರ್ಕಳದ ಬಾಹುಬಲಿ ಮೂರ್ತಿಯನ್ನು ಪ್ರತಿಷ್ಠಾಪಿಸಿದ ಭೈರರಸರ ಮನೆತನಕ್ಕೆ ಘಟ್ಟದ ಮೇಲಿನ ಕಳಸವೂ ರಾಜಧಾನಿಯಾಗಿತ್ತು. ಸಂಸೆಯು ಆ ಕಳಸ ಸೀಮೆಯ ಊರು. ಇಲ್ಲಿ ಕಾಫಿ, ಅಡಿಕೆ ತೋಟಗಳ ನಡುವೆಯೇ ಹೆಜ್ಜೇನು, ತುಡುವೆಗಳ ಬಾಳು. ಹೂಮಳೆಯ ನಂತರ ಕಾಫಿ ಅರಳುತ್ತದೆ. ರೊಬಸ್ಟಾ ಗಿಡವು ತನ್ನದೇ ಪರಾಗದಿಂದ ಕಾಯಿ ಕಟ್ಟದು. ಗಾಳಿಯೊಡನೆ ಜೇನ್ನೊಣದ ನೆರವೂ ಅದಕ್ಕೆ ಬೇಕು.

ಬಿಳಿ ಕಾಂಡಕೊರಕದ ನಿವಾರಣೆಗಾಗಿ ಕಾಫಿ ಗಿಡಗಳಿಗೆ ಬಳಿಯುತ್ತಿದ್ದ ಬಿ.ಎಚ್.ಸಿ. ವಿಷವನ್ನು ಭಾರತದಲ್ಲಿ 1997ರಲ್ಲಿ ನಿಷೇಧಿಸಲಾಯಿತು. ಅದಕ್ಕೆ ಮುನ್ನ, 1990ರ ದಶಕದ ಆರಂಭದಲ್ಲಿ, ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ಕರ್ನಾಟಕದ ತುಡುವೆ ಕುಟುಂಬಗಳನ್ನು ಬಹುವಾಗಿ ನಾಶಮಾಡಿತು. ಜೇನ್ನೊಣಗಳ ಇತರ ರೋಗಗಳಿಗೆ ಕೊಡುವ ಪ್ರತಿಜೀವಕಗಳು ಜೇನಿನಲ್ಲಿ ಉಳಿದುಬಿಡುವುದುಂಟು. 2010ರಲ್ಲಿ ಯುರೋಪ್ ಒಕ್ಕೂಟವು ಭಾರತದ ಜೇನಿನ ಆಮದನ್ನು ತಡೆಹಿಡಿಯಿತು. ಮರುವರ್ಷ ಆ ತಡೆಯನ್ನು ತೆಗೆಯಿತು. ಅದೇ 2010ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪರೀಕ್ಷಿಸಿದ 12 ಮಾದರಿಗಳಲ್ಲಿ 11ರಲ್ಲಿ ಪ್ರತಿಜೀವಕಗಳು ಕಂಡುಬಂದವು.

ಕಲಬೆರಕೆಯ ಕಥೆಯೂ ಬೋಧಪ್ರದವಾದುದು. ಕಬ್ಬು, ಮೆಕ್ಕೆಜೋಳಗಳ ಸಕ್ಕರೆಯನ್ನು ಅದರ ಇಂಗಾಲದ ಗುರುತಿನಿಂದ ಹಿಡಿಯಬಹುದು. ಅಕ್ಕಿಯ ಪಾಕದ ಇಂಗಾಲವು ಹೂವಿನ ಮಕರಂದದ ಇಂಗಾಲವನ್ನು ಹೋಲುವುದರಿಂದ ಅದು ಈ ಪರೀಕ್ಷೆಗೆ ಸಿಕ್ಕುವುದಿಲ್ಲ. ಆದುದರಿಂದ 2020ರಲ್ಲಿ ಅದೇ ಕೇಂದ್ರವು ಪರಮಾಣು ಕಾಂತೀಯ ಅನುರಣನ ವಿಧಾನದ ಪರೀಕ್ಷೆಯನ್ನೂ ಮಾಡಿಸಿತು. ಆಗ 13 ಮಾದರಿಗಳಲ್ಲಿ 3 ಮಾತ್ರ ಎಲ್ಲ ಪರೀಕ್ಷೆಗಳಲ್ಲಿ ತೇರ್ಗಡೆಯಾದವು. ವಂಚನೆ ಸೂಕ್ಷ್ಮವಾದಷ್ಟೂ ಪರೀಕ್ಷೆಯೂ ಸೂಕ್ಷ್ಮವಾಗಬೇಕಾಯಿತು.

ಪ್ರಯೋಗಶಾಲೆಯು ಜೇನಿನಲ್ಲಿ ಉಳಿದ ವಿಷವನ್ನು ಅಳೆಯಬಲ್ಲದು. ವಿಷ ತಗುಲಿ ಗೂಡಿಗೆ ಮರಳದೆ ಹೋದ ನೊಣಗಳ ಲೆಕ್ಕ ಅದರ ವರದಿಯಲ್ಲಿ ಬರುವುದಿಲ್ಲ. ಆ ಲೆಕ್ಕವನ್ನು ತೋಟದ ಒಡೆಯನೇ ಇಟ್ಟುಕೊಳ್ಳಬೇಕು. ಜೇನನ್ನು ನಾಲಿಗೆಗೆ ಸೋಕಿಸದ ಗೃಹಸ್ಥನು ಹೂವರಳಿದ ತೋಟಕ್ಕೆ ವಿಷ ಸಿಂಪಡಿಸಿದರೆ ಆತನ ತ್ಯಾಗ ಅರ್ಧವೇ ಸರಿ. ಬಸದಿಯ ಆಡಳಿತದಲ್ಲಿರುವ ತೋಟಗಳಿಗೂ ಈ ಮಾತು ಸಲ್ಲುತ್ತದೆ. ಹೂವಿನ ಕಾಲದಲ್ಲಿ ಸಿಂಪಡಣೆ ನಿಲ್ಲಿಸುವುದು, ಅನಿವಾರ್ಯವಾದಾಗ ನೊಣಗಳು ಗೂಡು ಸೇರಿದ ಮೇಲೆ ಮಾಡುವುದು, ನೆರೆಯ ಜೇನುಸಾಕಣೆದಾರರಿಗೆ ಮುನ್ನವೇ ತಿಳಿಸುವುದು ಕಷ್ಟದ ಕೆಲಸಗಳಲ್ಲ. ಮಧುತ್ಯಾಗದ ಮೂಲ ಜೀವದಯೆ. ಆ ದಯೆಯು ಅಡಿಗೆಮನೆಯ ಹೊಸ್ತಿಲು ದಾಟಿ ತೋಟವನ್ನೂ ತಲುಪಬೇಕು.