ಮಾರ್ಗರೆಟ್ ಅಜ್ಜಿಯ ಕಾಗದ

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ನೂಲಿನ ಸೀರೆ ಬಿಟ್ಟು ಬೇರೇನೂ ಉಡುತ್ತಿರಲಿಲ್ಲ. ಕೈಗೆ ಒಂದೊಂದೇ ಬಳೆ. ಆ ಸರಳತೆಯ ಬಗ್ಗೆ ಒಳಗೊಳಗೇ ಜಂಬವೂ ಇತ್ತೆನ್ನಿ. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ದಿನವೂ ಜರಿ ಸೀರೆಯಲ್ಲಿ, ಕತ್ತಿನ ತುಂಬ ಚಿನ್ನ ಹಾಕಿಕೊಂಡು ಬರುತ್ತಿದ್ದರು. ಇವರಿಗೆ ಪಾಠಕ್ಕಿಂತ ಒಡವೆಯೇ ಹೆಚ್ಚು ಎಂದು ತೀರ್ಮಾನಿಸಿಬಿಟ್ಟಿದ್ದೆ. ಒಂದು ದಿನ ಅವರ ಕತ್ತಿನಲ್ಲಿ ಸರ ಕಾಣಲಿಲ್ಲ. ವಿದ್ಯಾರ್ಥಿನಿಯೊಬ್ಬಳ ತಾಯಿಯ ಆಪರೇಷನ್ನಿಗೆಂದು ಅಡವಿಟ್ಟಿದ್ದರಂತೆ. ಅದನ್ನು ಹೇಳಿದ್ದೂ ಅವರಲ್ಲ, ನಮ್ಮ ಜವಾನ.

ಆ ದಿನದ ನಾಚಿಕೆ ಮತ್ತೆ ಚುಚ್ಚಿದ್ದು ಇಂಗ್ಲೆಂಡಿನ ಕ್ವೇಕರರ ಇತಿಹಾಸ ಓದುವಾಗ. ಮನುಷ್ಯರ ಒಳಗೇ ದೇವರ ಬೆಳಕಿದೆ, ಅದಕ್ಕೆ ಪಾದ್ರಿಯ ನಡುವಣಿಕೆ ಬೇಡ ಎಂದು ನಂಬಿದ ಕ್ರೈಸ್ತ ಪಂಗಡ ಅದು. ಸುಮ್ಮನೆ ಕೂತು ಪ್ರಾರ್ಥಿಸುವರು. ಪ್ರೇರಣೆಯಾದರೆ ಹೆಂಗಸರೂ ಎದ್ದು ಮಾತಾಡಬಹುದು.

1652ರಲ್ಲಿ ಈ ಪಂಥದ ಜಾರ್ಜ್ ಫಾಕ್ಸ್ ಉತ್ತರ ಇಂಗ್ಲೆಂಡಿನ ಸ್ವಾರ್ಥ್‌ಮೂರ್ ಎಂಬ ದೊಡ್ಡ ಮನೆಗೆ ಬಂದ. ನ್ಯಾಯಾಧೀಶ ಥಾಮಸ್ ಫೆಲ್‌ನ ಮನೆ ಅದು. ಹೆಂಡತಿ ಮಾರ್ಗರೆಟ್ ಅವನ ಮಾತಿಗೆ ಮನಸೋತಳು. ಗಂಡ ಪಂಥ ಸೇರಲಿಲ್ಲ, ಆದರೆ ಸಭೆ ನಡೆಸಲು ಮನೆ ಬಿಟ್ಟುಕೊಟ್ಟ. ಅಂಥ ಗಂಡಂದಿರು ಆಗಲೂ ಅಪರೂಪವೇ ಇದ್ದಿರಬೇಕು! ಅವನು 1658ರಲ್ಲಿ ತೀರಿಕೊಂಡ. ಪ್ರಮಾಣ ಮಾಡಲು ಒಪ್ಪದ್ದಕ್ಕೂ ಮನೆಯಲ್ಲಿ ಸಭೆ ಸೇರಿಸಿದ್ದಕ್ಕೂ 1664ರಲ್ಲಿ ಅವಳನ್ನು ಲ್ಯಾಂಕಾಸ್ಟರ್ ಕೋಟೆಯ ಸೆರೆಗೆ ಹಾಕಿದರು. ನಾಲ್ಕು ವರ್ಷ. ಸೆರೆಯಲ್ಲಿದ್ದಾಗಲೇ, ಹೆಂಗಸರಿಗೂ ಬೋಧಿಸುವ ಹಕ್ಕಿದೆ ಎಂದು ವಾದಿಸುವ ಪುಸ್ತಿಕೆಯೊಂದು ಅವಳ ಹೆಸರಿನಲ್ಲಿ 1666ರಲ್ಲಿ ಬಂತು. 1669ರಲ್ಲಿ ಅವಳು ಫಾಕ್ಸ್‌ನನ್ನೇ ಮದುವೆಯಾದಳು. ತನ್ನ ಬಟ್ಟೆಗೆಂದು ಅವಳು ಕಳಿಸಿದ ದುಡ್ಡಿನಲ್ಲಿ ಅವನು ಅವಳಿಗೇ ಮೇಲುಹೊದಿಕೆಗೆಂದು ಕೆಂಪು ಬಟ್ಟೆ ಕೊಂಡನಂತೆ. ಕೆಂಪು! ನನಗೆ ಈ ಸಂಗತಿ ಬಹಳ ಹಿಡಿಸಿತು.

ಏಕೆಂದರೆ ಮುಂದೆ ಕ್ವೇಕರರಲ್ಲಿ ಬಣ್ಣಕ್ಕೇ ಕುತ್ತು ಬಂತು. ಜಡೆ, ಚಿನ್ನ, ಬಟ್ಟೆಗಿಂತ ಹೃದಯದ ಒಳಗಿನ ಶಾಂತ ಸ್ವಭಾವ ದೊಡ್ಡದು ಎಂಬ ಉಪದೇಶ ಪೇತ್ರನ ಮೊದಲನೆಯ ಪತ್ರಿಕೆಯಲ್ಲಿದೆ. ಜನ ಅದರಲ್ಲಿ ಜಡೆ, ಚಿನ್ನ, ಬಟ್ಟೆಯನ್ನಷ್ಟೇ ಹಿಡಿದುಕೊಂಡರು. ಯಾರ ಟೊಪ್ಪಿಗೆಯಲ್ಲಿ ರಿಬ್ಬನ್ ಇದೆ, ಯಾರ ಅಂಗಿ ಮಾಸಲು ಬಣ್ಣದ್ದಲ್ಲ ಎಂದು ಪರಸ್ಪರ ನೋಡತೊಡಗಿದರು. ನನ್ನ ಸ್ಟಾಫ್ ರೂಮಿನ ನೋಟವೂ ಅದೇ ಅಲ್ಲವೇ?

1700ರಲ್ಲಿ, 85 ದಾಟಿದ ಮಾರ್ಗರೆಟ್ ಅಜ್ಜಿ ತನ್ನವರಿಗೆ ಒಂದು ಕಾಗದ ಬರೆದಳು. ಅದರಲ್ಲಿ ಗದರಿಕೆಯಿದೆ. ಏನು ಉಡುವುದು ಎಂಬ ಚಿಂತೆ ಬಿಡಿರೆಂದು ಯೇಸು ಹೇಳಿದ, ನೀವೋ ಎಲ್ಲರೂ ಒಂದೇ ಬಣ್ಣ ಉಡಬೇಕೆಂದು ಚಿಂತಿಸುತ್ತ ಕೂತಿದ್ದೀರಿ. ಇದೆಂಥ ಬಡ ಸುವಾರ್ತೆ ಎಂಬುದು ಅವಳ ಮಾತಿನ ತಾತ್ಪರ್ಯ. ಬೆಟ್ಟಗಳು ಬಣ್ಣ ಬದಲಿಸುವುದನ್ನೂ ನೆನಪಿಸಿದಳು. ಯಾರೂ ಅಷ್ಟಾಗಿ ಕೇಳಲಿಲ್ಲ. ಅವಳು 1702ರಲ್ಲಿ ತೀರಿಕೊಂಡಳು. ಬಟ್ಟೆಯ ಕಟ್ಟುನಿಟ್ಟು ಸಡಿಲಾಗಲು 1860ರ ಸುಮಾರಿನವರೆಗೂ ಕಾಯಬೇಕಾಯಿತು.

ಹಾಗೆಂದು ಆ ಬೂದು ಉಡುಪಿನವರೆಲ್ಲ ಡಂಭದವರು ಎಂದರೆ ನಾನು ಮತ್ತೆ ಅದೇ ತಪ್ಪು ಮಾಡಿದಂತೆ. 1798ರಲ್ಲಿ ನಾರ್ವಿಚ್ ಊರಿನ ಸಭೆಗೆ ಎಲಿಜಬೆತ್ ಎಂಬ 17ರ ಹುಡುಗಿ ಕೆಂಪು ದಾರದ ನೇರಳೆ ಬೂಟು ಹಾಕಿಕೊಂಡು ಬಂದಿದ್ದಳು. ಶ್ರೀಮಂತರ ಮಗಳು. ಅಂದು ಕೇಳಿದ ಉಪದೇಶ ಅವಳ ಮನಸ್ಸನ್ನು ಕಲಕಿತು. ಬರುಬರುತ್ತ ಬಣ್ಣ ಬಿಟ್ಟು ಸಾದಾ ಉಡುಪು, ಬಿಳಿ ಟೊಪ್ಪಿಗೆಗೆ ಬಂದಳು. ಅವಳೇ ಮುಂದೆ ಎಲಿಜಬೆತ್ ಫ್ರೈ. 1813ರಲ್ಲಿ ಲಂಡನ್ನಿನ ನ್ಯೂಗೇಟ್ ಜೈಲಿನ ಹೆಂಗಸರ ವಿಭಾಗಕ್ಕೆ ಕಾಲಿಟ್ಟಳು. ಹೆಂಗಸರು, ಅವರ ಮಕ್ಕಳು, ಎಲ್ಲ ಸೇರಿ ಕಿಕ್ಕಿರಿದ ಕೋಣೆಗಳು, ಮಲಗಲು ಹುಲ್ಲು. ಎಳೆಕೂಸುಗಳಿಗೆಂದು ಬೆಚ್ಚನೆಯ ಬಟ್ಟೆ ಒಯ್ದಿದ್ದಳು. ತನ್ನ ಮೈಮೇಲಿನ ಬಟ್ಟೆಯ ಆಸೆ ತೊರೆದವಳು ಬೇರೆಯವರ ಮಕ್ಕಳಿಗೆ ಬಟ್ಟೆ ಹೊಲಿಸಿದಳು. 1816ರ ಹೊತ್ತಿಗೆ ಆ ಜೈಲಿನಲ್ಲೇ ಮಕ್ಕಳಿಗೆ ಶಾಲೆ ನಡೆಯತೊಡಗಿತು. ಮರುವರ್ಷ ಕೈದಿ ಹೆಂಗಸರಿಗಾಗಿ ಒಂದು ಸಂಘ, ಹೊಲಿಗೆ, ಹೆಣಿಗೆ.

ನೇರಳೆ ಬೂಟನ್ನು ನೋಡಿ ಅಂದು ಎಷ್ಟು ಜನ ಮೂಗು ಮುರಿದಿದ್ದರೋ!

ನನ್ನ ಆ ಸಹೋದ್ಯೋಗಿಯ ಹತ್ತಿರ ನಾನು ಈ ವಿಷಯ ಎತ್ತಲೇ ಇಲ್ಲ. ಸರ ಬಿಡಿಸಿಕೊಂಡರೋ ಇಲ್ಲವೋ ಕೇಳುವ ಧೈರ್ಯವೂ ಬರಲಿಲ್ಲ. ಅವರು ನಿವೃತ್ತರಾದ ದಿನದ ಸಮಾರಂಭಕ್ಕೂ ನಾನು ನೂಲಿನ ಸೀರೆಯಲ್ಲೇ ಹೋಗಿದ್ದೆ. ಹಾರ ಹಾಕಿಸಿಕೊಳ್ಳುತ್ತಲೇ ನನ್ನ ಕಡೆ ಬಾಗಿ, "ಇವತ್ತಾದರೂ ಒಂದು ರೇಷ್ಮೆ ಸೀರೆ ಉಡಬಾರದಿತ್ತೇನ್ರೀ, ನನಗೋಸ್ಕರ?" ಎಂದು ನಕ್ಕರು.